ಗೋಡೆಯಾಚೆಯ ಚಿತ್ರಶಾಲೆ: ಬೆಂಗಳೂರಿನ ಕೆಲವು ಕಲಾಪ್ರದರ್ಶನಗಳ ವಿಮರ್ಶೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಕಾಲೇಜುಗಳಿಂದ ವರ್ಷಕ್ಕೊಮ್ಮೆ ಪ್ರವಾಸಕ್ಕೆಂದು ಬೆಂಗಳೂರಿಗೆ ಹೋಗುವ ವಿದ್ಯಾರ್ಥಿಗಳು ಚಿತ್ರಶಾಲೆಗಳನ್ನು ಕಂಡು ಬರುವುದುಂಟು. ಆದರೆ ಅವರಲ್ಲಿ ಅನೇಕರು ಕಲೆಯೆಂಬುದು ನಗರದ ಸೊತ್ತು, ತಮ್ಮ ಊರಿನಲ್ಲಿ ಅದಿಲ್ಲ ಎಂಬ ಭಾವನೆಯನ್ನು ಹೊತ್ತು ಹಿಂದಿರುಗುತ್ತಾರೆ. ಈ ಭಾವನೆಗೆ ವಿದ್ಯಾರ್ಥಿಗಳ ಅಜ್ಞಾನವೇ ಕಾರಣವೋ, ಪ್ರದರ್ಶನದ ಕ್ರಮವೂ ಕಾರಣವೋ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ. ಇದಕ್ಕಾಗಿ ವಾಡಿಕೆಯ ಪ್ರದರ್ಶನಗಳಿಗಿಂತ ಭಿನ್ನವಾದ ಕೆಲವನ್ನೇ ನಾವು ಆರಿಸಿಕೊಂಡಿದ್ದೇವೆ.

ಮೊದಲನೆಯದು ಚಿತ್ರಸಂತೆ. 1960ರಲ್ಲಿ ಸ್ಥಾಪಿತವಾದ ಕರ್ನಾಟಕ ಚಿತ್ರಕಲಾ ಪರಿಷತ್ತು ಇದನ್ನು 2003ರಲ್ಲಿ ಆರಂಭಿಸಿತು. ಕುಮಾರಕೃಪಾ ರಸ್ತೆಯ ಎರಡೂ ಬದಿಗಳಲ್ಲಿ ಸಾವಿರಕ್ಕೂ ಮಿಕ್ಕಿದ ಕಲಾವಿದರು ಒಂದು ದಿನದ ಮಟ್ಟಿಗೆ ತಮ್ಮ ಕೃತಿಗಳನ್ನು ಹರಡಿ ಕೂರುತ್ತಾರೆ. ಇದು ವ್ಯಾಪಾರವೇ ಹೊರತು ಪ್ರದರ್ಶನವಲ್ಲವೆಂದು ಆಕ್ಷೇಪಿಸುವವರಿದ್ದಾರೆ. ಕೊಳ್ಳುವವರ ರುಚಿಯನ್ನು ನೋಡಿ ಒಂದೇ ಬಗೆಯ ಚಿತ್ರಗಳನ್ನು ಮತ್ತೆ ಮತ್ತೆ ಬರೆಯುವ ದೋಷ ಅಲ್ಲಿ ಇಲ್ಲದಿಲ್ಲ. ಜನಸಂದಣಿಯಲ್ಲಿ ಒಂದು ಕೃತಿಯ ಮುಂದೆ ನೆಮ್ಮದಿಯಾಗಿ ನಿಲ್ಲುವುದೂ ಕಷ್ಟ. ಆದರೆ ಸಂತೆಯಲ್ಲಿ ವಸ್ತುವೂ ಅದನ್ನು ಮಾಡಿದವನೂ ಒಂದೆಡೆ ದೊರೆಯುತ್ತಾರೆ. ಬಣ್ಣ ಯಾವುದು, ಎಷ್ಟು ದಿನ ಹಿಡಿಯಿತು ಎಂದು ಹಳ್ಳಿಯ ಹುಡುಗನು ಅಳುಕಿಲ್ಲದೆ ಕೇಳಬಲ್ಲನು. 2021ರಲ್ಲಿ ಸಾಂಕ್ರಾಮಿಕದ ನಿಮಿತ್ತ ಚಿತ್ರಸಂತೆಯು ಅಂತರ್ಜಾಲದಲ್ಲಿ ನಡೆದಾಗ ಚಿತ್ರಗಳು ಕಂಡವು, ಈ ಸಂಭಾಷಣೆ ಮಾತ್ರ ಬಹುಮಟ್ಟಿಗೆ ತಪ್ಪಿತು.

ಎರಡನೆಯದು ರಸ್ತೆಯೇ ಚಿತ್ರಶಾಲೆಯಾದ ಪ್ರಸಂಗ. ಬಾದಲ್ ನಂಜುಂಡಸ್ವಾಮಿಯವರು 2015ರಲ್ಲಿ ಬೆಂಗಳೂರಿನ ರಸ್ತೆಯ ನೀರು ತುಂಬಿದ ಗುಂಡಿಯೊಂದರಲ್ಲಿ ಮೊಸಳೆಯ ಪ್ರತಿಕೃತಿಯನ್ನಿರಿಸಿದರು. 2019ರಲ್ಲಿ ಗಗನಯಾತ್ರಿಯ ವೇಷದವರೊಬ್ಬರನ್ನು ಗುಂಡಿಬಿದ್ದ ರಸ್ತೆಯ ಮೇಲೆ ಚಂದ್ರನ ನೆಲದಲ್ಲೆಂಬಂತೆ ನಡೆಸಿದರು. ಇಲ್ಲಿ ಪ್ರವೇಶದ್ವಾರವಿಲ್ಲ, ವಿವರಣೆಯ ಚೀಟಿಯೂ ಇಲ್ಲ; ಆದರೂ ಅರ್ಥವಾಗದೆ ಹೋದವರಿಲ್ಲ. ಗುಂಡಿ ಮುಚ್ಚಿದೊಡನೆ ಕೃತಿಯೂ ಮುಗಿಯಿತು. ಶಾಶ್ವತತೆಯನ್ನೇ ಕಲೆಯ ಲಕ್ಷಣವೆಂದು ಬಗೆಯುವವರಿಗೆ ಇದು ಒಪ್ಪದಿರಬಹುದು. ಹಬ್ಬದ ದಿನ ಅಂಗಳದಲ್ಲಿ ಮೂಡಿ ಮರುದಿನ ಅಳಿಸಿಹೋಗುವ ರಂಗವಲ್ಲಿಯನ್ನು ಬಲ್ಲ ನಮಗೆ ಅದು ಹೊಸತೇನೂ ಅಲ್ಲ.

ಮೂರನೆಯದು ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆ. ಮೈಸೂರು ಆಸ್ಥಾನದ ಚಿತ್ರಗಾರರ ಮನೆತನದಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾದ ಕೆ. ವೆಂಕಟಪ್ಪನವರ (1886–1965) ಉದಕಮಂಡಲದ ಜಲವರ್ಣಚಿತ್ರಗಳು ಪ್ರಸಿದ್ಧವಾದವು. ಅವರ ಹೆಸರಿನ ಈ ಸರ್ಕಾರಿ ಚಿತ್ರಶಾಲೆಯ ಹೊಣೆಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ಒಪ್ಪಿಸುವ ಯೋಜನೆ ಬಂದಾಗ, 2016ರಲ್ಲಿ ಕಲಾವಿದರು ಒಗ್ಗೂಡಿ ವಿರೋಧಿಸಿದರು. ಆ ಪ್ರತಿಷ್ಠಾನವು ಮುಂದೆ ಅದೇ ರಸ್ತೆಯಲ್ಲಿ ಸ್ವಂತ ಸಂಗ್ರಹಾಲಯವನ್ನು ಕಟ್ಟಿ 2023ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಹೀಗೆ ನಗರಕ್ಕೆ ಎರಡೂ ಉಳಿದವು. ಸುಸಜ್ಜಿತವಾದ ಕಟ್ಟಡ ಬೇಡವೆಂಬುದು ಆ ವಿರೋಧದ ತಿರುಳಾಗಿರಲಿಲ್ಲ. ಸಾಧಾರಣ ಕಲಾವಿದನೂ ಸಾಧಾರಣ ನೋಡುಗನೂ ಹಕ್ಕಿನಿಂದ ಕಾಲಿಡಬಹುದಾದ ಒಂದು ಸ್ಥಳ ಉಳಿಯಬೇಕೆಂಬುದೇ ಅದರ ತಿರುಳೆಂದು ನಾವು ತಿಳಿಯುತ್ತೇವೆ.

ಇನ್ನು ತೊಗಲುಗೊಂಬೆಗಳು. ಎಂ. ಎಸ್. ನಂಜುಂಡರಾಯರ ಪರಿಶ್ರಮದಿಂದ ಪರಿಷತ್ತಿನಲ್ಲಿ ಇವುಗಳ ಅಮೂಲ್ಯ ಸಂಗ್ರಹ ಬೆಳೆಯಿತು. ಹದಗೊಳಿಸಿ ತೆಳ್ಳಗಾದ ಚರ್ಮದ ಮೇಲಿನ ಬಣ್ಣವು ಹಿಂದಿನಿಂದ ಬೆಳಕು ಹಾಯ್ದಾಗಲಷ್ಟೆ ಜೀವ ತಳೆಯುತ್ತದೆ. ಜೊತೆಗೆ ಮಾತು, ಹಾಡು, ಕುಣಿತ ಬೇಕು. ಗೋಡೆಯ ಮೇಲೆ ನಿಂತ ಗೊಂಬೆ ಆಟವಲ್ಲ, ಆಟದ ಕುರುಹು. ಸಂಗ್ರಹವಿಲ್ಲದಿದ್ದರೆ ಗೊಂಬೆಗಳೇ ನಾಶವಾಗುತ್ತಿದ್ದವೆಂಬುದು ನಿಜ. ಆದರೆ ಕುರುಹನ್ನೇ ಆಟವೆಂದು ವಿದ್ಯಾರ್ಥಿಯು ಭಾವಿಸದಂತೆ ಎಚ್ಚರಿಸುವುದು ಅಧ್ಯಾಪಕನ ಹೊಣೆ.

ಇವೆಲ್ಲವುಗಳಿಂದ ಹೊರಡುವ ತಾತ್ಪರ್ಯವಿಷ್ಟು: ಪ್ರದರ್ಶನದ ಯೋಗ್ಯತೆಯನ್ನು ಸ್ಥಳದ ವೈಚಿತ್ರ್ಯದಿಂದ ಅಳೆಯಲಾಗದು, ವಸ್ತು, ಅದರ ಬಳಕೆ, ನೋಡುಗ ಈ ಮೂರರ ಸಂಬಂಧವನ್ನು ಅದು ಎಷ್ಟರಮಟ್ಟಿಗೆ ಉಳಿಸಿಕೊಟ್ಟಿತೆಂಬುದೇ ಅಳತೆ. ಈ ಅಳತೆಯನ್ನು ಹಿಡಿದು ನಮ್ಮ ಸೀಮೆಯನ್ನು ನೋಡಬೇಕು. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನಲ್ಲಿ ಪಾಳೆಯಗಾರರ ಕಾಲದ ಪುಷ್ಕರಿಣಿ, ಅದರ ನಡುವಣ ಮಂಟಪ, ದಡದ ಮುಸಾಫಿರಖಾನೆ ಇವು ಕಟ್ಟಿದ ಸ್ಥಳದಲ್ಲಿಯೇ ನಿಂತಿವೆ. ಹೊನ್ನಾಳಿ, ಚನ್ನಗಿರಿ, ಜಗಳೂರುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಶತಮಾನಕ್ಕೂ ಹಿಂದೆಯೇ ಅಚ್ಚು ಹಾಕಿಸಿದರು; ಹೊನ್ನಾಳಿಯಿಂದ ಬೇರ್ಪಟ್ಟ ನ್ಯಾಮತಿಯ ಭಾಗವೂ ಅಂದು ಅದರಲ್ಲಿಯೇ ಸೇರಿತ್ತು. 1964ರಲ್ಲಿ ಆರಂಭವಾದ ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯವು ನೆರೆಯಲ್ಲಿಯೇ ಇದೆ. ಬೆಂಗಳೂರಿನ ಪ್ರವಾಸ ನಿಲ್ಲಬೇಕೆಂದು ನಾವು ಹೇಳುವುದಿಲ್ಲ. ಅದಕ್ಕೆ ಮುನ್ನ ವಿದ್ಯಾರ್ಥಿಗಳು ಸಂತೇಬೆನ್ನೂರಿನ ಮೆಟ್ಟಿಲುಗಳ ಮೇಲೆ ಒಂದು ದಿನ ಕುಳಿತು, ಕಂಡದ್ದನ್ನು ಬರೆದು, ಅಳೆದು, ಚಿತ್ರಿಸಲಿ. ಆಮೇಲೆ ನಗರದ ಚಿತ್ರಶಾಲೆಯನ್ನು ಹೊಕ್ಕಾಗ ಅವರು ಕೈಕಟ್ಟಿ ನಿಲ್ಲುವ ಅತಿಥಿಗಳಾಗಿರದೆ ಪ್ರಶ್ನೆ ಕೇಳಬಲ್ಲ ಪರೀಕ್ಷಕರಾಗಿರುತ್ತಾರೆ.