‘ಸಮ’ ಅಲ್ಲ, ‘ಆಗಲಿ’

ಕಲ್ಕತ್ತೆಯಲ್ಲಿ ಕೇಂದ್ರ ಸರ್ಕಾರದ ನೌಕರಿಯಲ್ಲಿರುವ ನಮ್ಮಂಥವರ ಮಕ್ಕಳು ಬಹುಮಟ್ಟಿಗೆ ಸಿ.ಬಿ.ಎಸ್.ಇ. ಪಠ್ಯಕ್ರಮದ ಶಾಲೆಗಳಲ್ಲಿ ಓದುತ್ತಾರೆ. ಅವರಲ್ಲಿ ಹನ್ನೊಂದನೆಯ ತರಗತಿಗೆ ಕಂಪ್ಯೂಟರ್ ವಿಜ್ಞಾನ ತೆಗೆದುಕೊಂಡವರಿಗೆ ಎನ್.ಸಿ.ಇ.ಆರ್.ಟಿ. 2019ರಲ್ಲಿ ಹೊರತಂದ ಪುಸ್ತಕವೊಂದಿದೆ. ಪೈಥಾನ್ ಎಂಬ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದನ್ನು ಅದು ಕಲಿಸುತ್ತದೆ. ಒಟ್ಟಿನಲ್ಲಿ ಒಳ್ಳೆಯ ಪುಸ್ತಕವೇ; ಅಂತರ್ಜಾಲದಲ್ಲಿ ಬಿಟ್ಟಿಯಾಗಿಯೂ ಸಿಗುತ್ತದೆ. ನನ್ನ ತಕರಾರೆಲ್ಲ ಒಂದೇ ಒಂದು ಚಿಹ್ನೆಯದು: ಎರಡು ಅಡ್ಡಗೆರೆಗಳ ‘=’.

ಪುಸ್ತಕದಲ್ಲಿ ಮೊದಲು ಕೂಡುವ, ಕಳೆಯುವ ಚಿಹ್ನೆಗಳ ಪಟ್ಟಿ, ಅನಂತರ ಹೋಲಿಕೆಯ ಚಿಹ್ನೆಗಳು, ಅವುಗಳ ಬೆನ್ನಿಗೆ ಅಸೈನ್‌ಮೆಂಟ್ ಚಿಹ್ನೆಗಳು. ಬಲಗಡೆಯ ಬೆಲೆಯನ್ನು ಎಡಗಡೆಯ ಹೆಸರಿಗೆ ಕೊಡುವುದು ‘=’ ಎಂಬ ವಿವರಣೆಯಲ್ಲಿ ತಪ್ಪೇನೂ ಇಲ್ಲ. ಆದರೆ ಒಂದನೆಯ ತರಗತಿಯಿಂದ ಹತ್ತರವರೆಗೆ ಅದೇ ಗುರುತನ್ನು ‘ಸಮ’ ಎಂದು ಓದಿಕೊಂಡು ಬಂದ ಹುಡುಗಿಗೆ ಪಟ್ಟಿಯೊಳಗಿನ ಒಂದು ಸಾಲು ಸಾಕೆ? ‘ನ = ನ + 1’ ಎಂದು ಬರೆದರೆ ಬೀಜಗಣಿತದ ಮೇಷ್ಟ್ರು ಕೆಂಪು ಶಾಯಿಯಲ್ಲಿ ಅಡ್ಡಗೀಟು ಎಳೆಯುತ್ತಾರೆ; ಎರಡೂ ಕಡೆಯಿಂದ ‘ನ’ ತೆಗೆದರೆ ಸೊನ್ನೆಯೇ ಒಂದು ಎಂದಾಗುತ್ತದೆ. ಮುಂದಿನ ಪೀರಿಯಡ್ಡಿನ ಕಂಪ್ಯೂಟರ್ ಮೇಡಂ ಅದಕ್ಕೇ ‘ಸರಿ’ ಹಾಕುತ್ತಾರೆ. ಎರಡೂ ಕಡೆ ಬಾಯಲ್ಲಿ ಓದುವುದು ಮಾತ್ರ ‘ಈಕ್ವಲ್ ಟು’ ಎಂದೇ.

ಈ ಗೋಜಲು ಯಂತ್ರದ್ದಲ್ಲ. ನಮ್ಮ ಬರಾನಗರದ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿಗೆ 1955–56ರಲ್ಲಿ ಇಂಗ್ಲೆಂಡಿನಿಂದ ಎಚ್.ಇ.ಸಿ.-2ಎಂ ಎಂಬ ಗಣಕಯಂತ್ರ ಬಂತು. ಭಾರತಕ್ಕೆ ಬಂದ ಮೊದಲ ಡಿಜಿಟಲ್ ಕಂಪ್ಯೂಟರ್ ಅದು. ಅದಕ್ಕೆ ‘=’ ಎಂದರೆ ಏನೆಂದೇ ಗೊತ್ತಿರಲಿಲ್ಲ. ಇಂಥ ಜಾಗದಲ್ಲಿರುವ ಅಂಕಿಯನ್ನು ತೆಗೆದುಕೋ, ಇದನ್ನು ಕೂಡಿಸು, ಅಲ್ಲಿ ಇಡು ಎಂದು ಸಂಖ್ಯೆಗಳ ಸಂಕೇತದಲ್ಲಿ ಆಜ್ಞೆ ಕೊಡಬೇಕಾಗಿತ್ತು. 1957ರ ಫೋರ್ಟ್ರಾನ್ ಭಾಷೆ ಈ ಆಜ್ಞೆಗಳಿಗೆ ಗಣಿತದ ಅಂಗಿ ತೊಡಿಸಿ, ರಾಬರ್ಟ್ ರೆಕಾರ್ಡ್ 1557ರಲ್ಲಿ ಸಮತ್ವಕ್ಕೆಂದೇ ಹುಟ್ಟಿಸಿದ ಗುರುತನ್ನು ‘ಅಲ್ಲಿ ಇಡು’ ಎಂಬುದಕ್ಕೆ ಬಳಸಿತು. ಆಲ್ಗಾಲ್‌ನವರು, ಅವರ ಹಿಂದೆ 1970ರಲ್ಲಿ ಪ್ಯಾಸ್ಕಲ್‌ನವರು, ಬೇರೆಯಾಗಿಯೇ ಕಾಣಲೆಂದು ‘:=’ ಎಂದು ಬರೆದರು. 1964ರ ಬೇಸಿಕ್ ಸಾಲಿನ ಮೊದಲಿಗೆ ‘ಲೆಟ್’ ಎಂಬ ಮಾತು ಸೇರಿಸಿತು. 1972ರ ಸಿ ಭಾಷೆಯ ಬಳಗದವರಿಗೆ ಬೆರಳಿನ ಶ್ರಮದ ಚಿಂತೆ: ಬೆಲೆ ಕೊಡುವ ಕೆಲಸವೇ ಹೆಚ್ಚು ಸಲ ಬರುವುದರಿಂದ ಅದಕ್ಕೆ ಒಂದು ‘=’, ಸಮವೇ ಎಂದು ಕೇಳುವುದಕ್ಕೆ ಎರಡು. 1991ರ ಪೈಥಾನ್ ಅದೇ ಜಾಡು ಹಿಡಿಯಿತು. ಪಳಗಿದವರಿಗೆ ಅನುಕೂಲವಾದದ್ದು ಹೊಸಬರ ತಲೆಗೆ ಬಂತು.

ಬೇಸಿಕ್‌ನ ‘ಲೆಟ್’ ನನಗೆ ಬಹಳ ಮೆಚ್ಚುಗೆ. ಅದು ಕನ್ನಡದ ‘ಆಗಲಿ’. ವ್ಯಾಕರಣದಲ್ಲಿ ವಿಧ್ಯರ್ಥ ಎಂದು ನಾವೆಲ್ಲ ಉರುಹೊಡೆದದ್ದು ಇದನ್ನೇ. ‘ಶಿಲ್ಕು = ಶಿಲ್ಕು + 500’ ಎಂಬ ಸಾಲನ್ನು ‘ಶಿಲ್ಕಿಗೆ 500 ಕೂಡಿಸಿ ಬಂದದ್ದು ಹೊಸ ಶಿಲ್ಕು ಆಗಲಿ’ ಎಂದು ಓದಿ ನೋಡಿ. ಹಳೆಯ ಶಿಲ್ಕು 2400 ಇದ್ದರೆ ಈಗ 2900. ಸಂಘದ ಖಜಾಂಚಿಗಳು ಯಾರೂ ಇದರಲ್ಲಿ ವಿರೋಧಾಭಾಸ ಕಾಣಲಾರರು. ಇನ್ನೊಂದು ಲಾಭವೂ ಉಂಟು. ಯಂತ್ರ ಮೊದಲು ಬಲಗಡೆಯ ಲೆಕ್ಕ ಮುಗಿಸಿ ಆಮೇಲೆ ಎಡಗಡೆಗೆ ಬರುತ್ತದೆ. ‘ಕೂಡಿಸಿ… ಆಗಲಿ’ ಎನ್ನುವ ಕನ್ನಡ ವಾಕ್ಯದ ನಡಿಗೆಯೂ ಅದೇ ಕ್ರಮದ್ದು. ಇನ್ನು ‘==’ ಎಂಬುದನ್ನು ‘ಸಮವೇ?’ ಎಂದು ಪ್ರಶ್ನೆಯಾಗಿ ಓದಬೇಕು. ಪ್ರಶ್ನೆಯ ಜಾಗದಲ್ಲಿ ಆಜ್ಞೆ ಬರೆದರೆ ಪೈಥಾನ್ ತಪ್ಪೆಂದು ನಿಲ್ಲಿಸುತ್ತದೆ. ಸಿ ಭಾಷೆ ನಿಲ್ಲುವುದಿಲ್ಲ, ಕೇಳಬೇಕಾದಲ್ಲಿ ಬದಲಾಯಿಸಿಬಿಟ್ಟು ಮುಂದೆ ಸಾಗುತ್ತದೆ. ಅಂಥ ತಪ್ಪನ್ನು ಹುಡುಕುವುದು ಗೋಣಿಚೀಲದಲ್ಲಿ ಸೂಜಿ ಹುಡುಕಿದಂತೆ.

ಕನ್ನಡದಲ್ಲಿ ಬರೆಯುವವರ ಮೇಲೂ ನನಗೆ ಸ್ವಲ್ಪ ಆಕ್ಷೇಪಣೆಯಿದೆ. ಅಸೈನ್‌ಮೆಂಟಿಗೆ ‘ನಿಯೋಜನೆ’ ಎನ್ನುವುದುಂಟು. ಕಚೇರಿಯವರನ್ನು ಕೇಳಿ, ನಿಯೋಜನೆ ಎಂದರೆ ಡೆಪ್ಯುಟೇಶನ್! ನಿಯೋಜನೆಯ ಮೇಲೆ ಹೋದ ಗುಮಾಸ್ತನ ಕುರ್ಚಿ ಇಲ್ಲಿ ಖಾಲಿಯಾಗುತ್ತದೆ. ಆದರೆ ‘ಅ = ಬ’ ಎಂದಾಗ ‘ಬ’ದ ಬೆಲೆ ಎಲ್ಲಿಗೂ ಹೋಗುವುದಿಲ್ಲ, ಇದ್ದಲ್ಲೇ ಇರುತ್ತದೆ. ಇಲ್ಲವಾಗುವುದು ‘ಅ’ದಲ್ಲಿ ಮೊದಲಿದ್ದದ್ದು. ಹೆಸರನ್ನು ‘ಡಬ್ಬಿ’ಗೆ ಹೋಲಿಸುವ ಪಾಠಗಳಿಗೂ ಇದೇ ದೋಷ: ಡಬ್ಬಿಯಿಂದ ಡಬ್ಬಿಗೆ ಹುರಿಗಡಲೆ ಸುರಿದರೆ ಮೊದಲಿನದು ಬರಿದಾಗಬೇಕಲ್ಲ? ಆರಂಭಕ್ಕೆ ಸ್ಲೇಟಿನ ಹೋಲಿಕೆ ಸಾಕು. ಪಕ್ಕದವನ ಸ್ಲೇಟು ನೋಡಿ ನನ್ನದನ್ನು ಒರೆಸಿ ಬರೆದುಕೊಂಡರೆ ಅವನದು ಅಳಿಸುವುದಿಲ್ಲ. ಲೆಡ್ಜರಿನಲ್ಲಾದರೆ ಹಿಂದಿನ ಶಿಲ್ಕು ಮೇಲಿನ ಸಾಲಿನಲ್ಲಿ ಉಳಿದಿರುತ್ತದೆ. ಇಲ್ಲಿ ಆ ಭಾಗ್ಯವಿಲ್ಲ, ಬೇಕಾದರೆ ಮೊದಲೇ ಇನ್ನೊಂದು ಹೆಸರಿನಲ್ಲಿ ಎತ್ತಿಟ್ಟುಕೊಳ್ಳಬೇಕು.

ಅಂಕಗಣಿತದ ಚಿಹ್ನೆಗಳಲ್ಲಿ ಕೂಡು, ಕಳೆಗಳ ಬಗ್ಗೆ ಹೇಳುವುದೇನಿಲ್ಲ; ಗುಣಿಸಲು ನಕ್ಷತ್ರದ ಗುರುತು, ಅಷ್ಟೆ. ಭಾಗಾಕಾರದಲ್ಲಿ ಮಾತ್ರ ಎಚ್ಚರ ಬೇಕು. ಹದಿನೇಳನ್ನು ಐದರಿಂದ ಭಾಗಿಸಿದರೆ ‘/’ ಕೊಡುವುದು 3.4, ‘//’ ಕೊಡುವುದು ಭಾಗಲಬ್ಧ 3, ‘%’ ಕೊಡುವುದು ಶೇಷ 2. ತುಟ್ಟಿಭತ್ಯೆಯ ಆದೇಶಗಳಲ್ಲಿ ಶೇಕಡಾ ಎಂದು ಕಂಡ ಗುರುತು ಇಲ್ಲಿ ಶೇಷವಾಗಿರುವುದು ನಮ್ಮಂಥವರಿಗೆ ಸ್ವಲ್ಪ ಇರುಸುಮುರುಸೇ. ಋಣಸಂಖ್ಯೆ ಬಂದಾಗ ವಿಷಯ ಇನ್ನೂ ಸ್ವಾರಸ್ಯ. −7ನ್ನು 3ರಿಂದ ಭಾಗಿಸಿದರೆ ಪೈಥಾನ್‌ನಲ್ಲಿ ಭಾಗಲಬ್ಧ −3, ಶೇಷ 2. ಸಿ ಭಾಷೆಯಲ್ಲಿ −2 ಮತ್ತು −1. ಭಾಜಕವನ್ನು ಭಾಗಲಬ್ಧದಿಂದ ಗುಣಿಸಿ ಶೇಷ ಕೂಡಿಸಿದರೆ ಭಾಜ್ಯ ಬರಬೇಕೆಂಬ ನಮ್ಮ ಪ್ರೈಮರಿ ಶಾಲೆಯ ತಾಳೆಗೆ ಎರಡೂ ಒಪ್ಪುತ್ತವೆ. ಸೊನ್ನೆಯಿಂದ ಭಾಗಿಸಲು ಹೋದರೆ ಪೈಥಾನ್ ದೋಷವೆಂದು ಹೇಳಿ ನಿಲ್ಲುತ್ತದೆ. ನಮ್ಮ ನೃಪತುಂಗನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ, ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಹಾಗೆಯೇ ಉಳಿಯುತ್ತದೆ ಎಂದಿದ್ದಾರೆ. ಆ ಒಂದು ವಿಷಯದಲ್ಲಿ ಆಚಾರ್ಯರಿಗಿಂತ ಯಂತ್ರದ ಮಾತೇ ಸರಿ.

ಪೈಥಾನ್‌ನ ಮೂರನೆಯ ಆವೃತ್ತಿಯಲ್ಲಿ ಇನ್ನೊಂದು ಸೌಲಭ್ಯವಿದೆ, ಮನೆಯಲ್ಲಿ ಪರೀಕ್ಷಿಸಿ ನೋಡಬಹುದು. ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಬರೆಯಬಹುದು. ‘ಶಿಲ್ಕು’, ‘ಮೊತ್ತ’ ಎಂದು ಬರೆದರೂ ಯಂತ್ರ ಲೆಕ್ಕ ಮಾಡುತ್ತದೆ. ಬೀದಿಯಲ್ಲಿ ಬಂಗಾಳಿ, ಶಾಲೆಯಲ್ಲಿ ಇಂಗ್ಲಿಷ್, ಊಟಕ್ಕೆ ಕರೆಯಲು ಮಾತ್ರ ಕನ್ನಡ ಎಂದಾಗಿರುವ ನಮ್ಮ ಮನೆಗಳಲ್ಲಿ ಒಂದು ಸಂಜೆ ತಾಯಿತಂದೆಯರು ಮಗುವಿನ ಪಕ್ಕ ಕೂತು ಸಾಲುಸಾಲನ್ನೂ ‘ಆಗಲಿ’, ‘ಸಮವೇ?’ ಎಂದು ಓದಿಸಬಹುದು. ಇಂಗ್ಲಿಷಿನ ಆಜ್ಞಾಪದಗಳನ್ನು ಬದಲಾಯಿಸಲಾಗದು. ಪರೀಕ್ಷೆಯಲ್ಲಿ ಹೆಸರುಗಳನ್ನೂ ಇಂಗ್ಲಿಷಿನಲ್ಲೇ ಬರೆಯುವುದು ಕ್ಷೇಮ.