ನರದ ಟೆಸ್ಟ್: ವರದಿ ಇದೆ, ವಿವರಣೆ ಎಲ್ಲಿ?

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕೈಗಳಿಗೆ ಬಿಡುವಿಲ್ಲ. ದಪ್ಪ ಬಟ್ಟೆಯನ್ನು ಮಷಿನ್ನಿಗೆ ಒಡ್ಡಿ ಒಡ್ಡಿ ಕೆಲವರಿಗೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತವೆ. ನಡುರಾತ್ರಿ ಎದ್ದು ಕೈ ಕೊಡವಬೇಕಾಗುತ್ತದೆ. ಬ್ರೂಸ್‌ಪೇಟೆಯವರಿರಲಿ, ಸಿರುಗುಪ್ಪ, ಕುರುಗೋಡಿನಿಂದ ಬಸ್ಸು ಹತ್ತಿ ಬಂದವರಿರಲಿ, ಇಂಥವರಿಗೆ ವೈದ್ಯರು ಬರೆದುಕೊಡುವುದು ನರ್ವ್ ಕಂಡಕ್ಷನ್ ಪರೀಕ್ಷೆ. ಪರೀಕ್ಷೆ ಒಳ್ಳೆಯದೇ. ಅದನ್ನು ರೋಗಿಗೆ ತಿಳಿಸಿ ಹೇಳುವ ಕ್ರಮ ಮಾತ್ರ ಏನೇನೂ ಸಾಲದು.

‘ಕರೆಂಟ್ ಕೊಡ್ತಾರಂತೆ’ ಎಂಬ ಒಂದೇ ಮಾತಿಗೆ ಎಷ್ಟೋ ಜನ ಹೆದರಿ ಹಿಂದೆ ಸರಿಯುತ್ತಾರೆ. ನಡೆಯುವುದು ಇಷ್ಟು: ಹೆಬ್ಬೆರಳಿನ ಬುಡಕ್ಕೆ ಪಟ್ಟಿ ಅಂಟಿಸಿ, ಮಣಿಕಟ್ಟಿನಲ್ಲಿ ಒಮ್ಮೆ, ಮೊಣಕೈ ಹತ್ತಿರ ಇನ್ನೊಮ್ಮೆ ಸಣ್ಣ ಶಾಕ್ ಕೊಡುತ್ತಾರೆ. ಚುರುಕ್ಕೆನ್ನುತ್ತದೆ, ಹೆಬ್ಬೆರಳು ತಾನಾಗಿಯೇ ಎಗರುತ್ತದೆ, ಅಷ್ಟೇ. ಆ ಎರಡು ಜಾಗಗಳ ಅಂತರವನ್ನು ಟೇಪಿನಲ್ಲಿ ಅಳೆದುಕೊಟ್ಟರೆ ಯಂತ್ರ ನರದ ವೇಗ ಲೆಕ್ಕ ಹಾಕುತ್ತದೆ. ಆರೋಗ್ಯವಂತರ ಕೈಯಲ್ಲಿ ಅದು ಸೆಕೆಂಡಿಗೆ ಸುಮಾರು 50 ಮೀಟರ್ ಅಥವಾ ಇನ್ನೂ ಹೆಚ್ಚು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದ್ದರೆ ಅಲ್ಲಿಂದ ಮುಂದೆ ಸಂದೇಶ ತಡವಾಗಿ ತಲುಪುತ್ತದೆ. ಎಸಿ ಕೋಣೆಯಲ್ಲಿ ಕೂತು ಕೈ ತಣ್ಣಗಾದರೂ ವೇಗ ಇಳಿಯುತ್ತದೆ. ಕೈ ಬೆಚ್ಚಗೆ ಮಾಡಿಸದೆ ತೆಗೆದ ವರದಿಯನ್ನು ನಾನಂತೂ ನಂಬಲಾರೆ. ಕೆಲವರಿಗೆ ಸ್ನಾಯುವಿಗೆ ತೆಳು ಸೂಜಿ ಚುಚ್ಚಿಯೂ ನೋಡುತ್ತಾರೆ. ಅದರಲ್ಲಿ ಕರೆಂಟ್ ಇರುವುದಿಲ್ಲ.

ನನ್ನ ದೊಡ್ಡ ತಕರಾರು ಬೇರೆ. ಶುಗರ್ ಇರುವ ಕೆಲವರಿಗೆ ಅಂಗಾಲು ಉರಿಯುತ್ತದೆ, ವರದಿ ಮಾತ್ರ ‘ನಾರ್ಮಲ್’ ಎನ್ನುತ್ತದೆ. ಈ ಪರೀಕ್ಷೆ ಅಳೆಯುವುದು ದಪ್ಪ ನರತಂತುಗಳನ್ನು. ಉರಿ, ಬಿಸಿ ತಿಳಿಸುವ ಸಣ್ಣ ತಂತುಗಳು ಇದಕ್ಕೆ ಸಿಗುವುದೇ ಇಲ್ಲ. ಇದನ್ನು ಹೇಳದೆ ‘ನಿಮಗೇನೂ ಆಗಿಲ್ಲ’ ಎಂದು ಕಳಿಸಿಬಿಟ್ಟರೆ ಅದು ರೋಗಿಗೆ ಮಾಡುವ ಅನ್ಯಾಯ. ಉಚಿತ ಶಿಬಿರಗಳಲ್ಲಿ ಪಾದಕ್ಕೆ ಕಂಪಿಸುವ ಕಡ್ಡಿ ಇಟ್ಟು ನೋಡುವುದು ಸಂವೇದನೆಯ ತಪಾಸಣೆಯಷ್ಟೇ, ಅದೂ ಈ ನರದ ಪರೀಕ್ಷೆಯೂ ಒಂದಲ್ಲ. ಇನ್ನು ಮೈಮೇಲೆ ಸ್ಪರ್ಶವಿಲ್ಲದ ಮಚ್ಚೆ ಇದ್ದರೆ ಕುಷ್ಠದ ಗುಮಾನಿ ಮೊದಲು ಬರಬೇಕು. ಆ ರೋಗದಿಂದ ಮೊಣಕೈ ಹಿಂದಿನ ನರ ದಪ್ಪಗಾಗಿದೆಯೇ ಎಂಬುದು ವೈದ್ಯರ ಬೆರಳಿಗೇ ತಿಳಿಯುತ್ತದೆ. ಯಂತ್ರ ಆಮೇಲಿನ ಮಾತು.

ಇಂಗ್ಲಿಷ್ ಅಂಕಿಗಳ ಹಾಳೆಯ ಕೆಳಗೆ ಕನ್ನಡದಲ್ಲಿ ಎರಡು ಸಾಲು ಬರೆದುಕೊಡಿ ಎಂದು ವೈದ್ಯರನ್ನು ಕೇಳಿಕೊಳ್ಳುತ್ತೇನೆ. ಪರೀಕ್ಷೆಗೆ ಹೋಗುವವರು ಆ ದಿನ ಕೈಕಾಲಿಗೆ ಎಣ್ಣೆ ಹಚ್ಚಬೇಡಿ. ಪೇಸ್‌ಮೇಕರ್ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ.