ವುಡ್ ಕೀ ಉತ್ಖನನ: ಒಂದು ವಿಮರ್ಶೆ

ಐರ್ಲೆಂಡಿನ ಡಬ್ಲಿನ್ ನಗರದಲ್ಲಿ, ಲಿಫಿ ನದಿಯ ದಕ್ಷಿಣ ದಂಡೆಯ ವುಡ್ ಕೀ ಎಂಬಲ್ಲಿ 1974ರಿಂದ 1981ರವರೆಗೆ ನಡೆದ ಉತ್ಖನನವು ಮಧ್ಯಯುಗದ ನಗರಜೀವನದ ಅಧ್ಯಯನಕ್ಕೆ ಅಮೂಲ್ಯವಾದ ಸಾಮಗ್ರಿಯನ್ನು ಒದಗಿಸಿತು. ಅದು ನಗರಸಭೆಯು ತನ್ನ ಕಚೇರಿಗಳಿಗೆಂದು ಆರಿಸಿದ್ದ ನಿವೇಶನ. ಅಲ್ಲಿ ದೊರೆತವು ಅರಮನೆಗಳಲ್ಲ. ಗೂಟಗಳ ನಡುವೆ ಕಡ್ಡಿ ಹೆಣೆದು ಕಟ್ಟಿದ, ವೈಕಿಂಗ್ ಕಾಲದ ಸಾಮಾನ್ಯ ಮನೆಗಳು. ತೇವದ ಮಣ್ಣಿನಲ್ಲಿ ಗಾಳಿ ಸೋಕದಿದ್ದುದರಿಂದ ಮರವು ಕೊಳೆಯದೆ ಉಳಿದಿತ್ತು.

ಮನೆಗಳು ಅಳಿದು ಮತ್ತೆ ಎದ್ದರೂ ನಿವೇಶನಗಳ ಎಲ್ಲೆಗಳು ತಲೆಮಾರುಗಳವರೆಗೆ ಬಹುಮಟ್ಟಿಗೆ ಕದಲಲಿಲ್ಲ. ಒಡೆತನವನ್ನು ಮನ್ನಿಸುವ ನಾಗರಿಕ ವ್ಯವಸ್ಥೆಯೊಂದು ಅಲ್ಲಿ ನೆಲೆಗೊಂಡಿತ್ತೆಂದು ಇದರಿಂದ ಊಹಿಸಬಹುದು. ವೈಕಿಂಗರು ಬರಿಯ ಸೂರೆಗಾರರೆಂಬ ಮಾತು ಇಲ್ಲಿ ನಿಲ್ಲಲಾರದು.

1978ರಲ್ಲಿ ನ್ಯಾಯಾಲಯವು ಈ ಸ್ಥಳವನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿತು. ಅದೇ ಸೆಪ್ಟೆಂಬರಿನಲ್ಲಿ, ಇತಿಹಾಸಕಾರ ಎಫ್. ಎಕ್ಸ್. ಮಾರ್ಟಿನ್ ಅವರ ಮುಂದಾಳುತನದ ಚಳವಳಿಯಲ್ಲಿ, ಸುಮಾರು 20,000 ಜನರು ಮೆರವಣಿಗೆ ನಡೆಸಿದರು. ಆದರೂ ಕಚೇರಿಗಳು ಎದ್ದವು. ಕಲ್ಲಿನ ಕೋಟೆಗೋಡೆಯ ಒಂದು ಭಾಗವು ಅವುಗಳ ತಳಭಾಗದಲ್ಲಿ ಉಳಿಯಿತು; ಮರದ ಮನೆಗಳ ನೆಲೆ ಅಳಿಯಿತು.

ಎಲ್ಲವನ್ನೂ ದಾಖಲಿಸಿದ ಮೇಲೆ ನಷ್ಟವೇನೆಂದು ಕೇಳುವವರುಂಟು. ದಾಖಲೆಯಾದರೋ ಉತ್ಖನನಕಾರನು ಅಂದು ಕೇಳಿದ ಪ್ರಶ್ನೆಗಳಿಗೆ ಮಾತ್ರ ಉತ್ತರ ಕೊಡುತ್ತದೆ; ನಾಳಿನ ಪ್ರಶ್ನೆಗೆ ಮಣ್ಣೇ ಬೇಕು. ಮೇಲಾಗಿ, ಗೋಡೆಯು ನಗರದ ರಕ್ಷಣೆಯನ್ನು ಹೇಳುತ್ತದೆಯೇ ಹೊರತು ಒಳಗೆ ಬಾಳಿದವರನ್ನಲ್ಲ. ಕಲ್ಲನ್ನಷ್ಟೇ ಸ್ಮಾರಕವೆಂದು ಎಣಿಸುವ ಇತಿಹಾಸವು ಜನರನ್ನು ಬಿಟ್ಟ ಇತಿಹಾಸವಾಗುತ್ತದೆ.